ಕುದುರೆ ರಾಯರ ಬೇಸಿಗೆ

ನಿವೃತ್ತಿಯಾದ ಮೇಲೆ ಮೈಸೂರಿನಲ್ಲಿ ಜನ ವಾಕಿಂಗ್ ಹೋಗುತ್ತಾರೆ, ಗುಲಾಬಿ ಬೆಳೆಸುತ್ತಾರೆ, ಹೆಚ್ಚೆಂದರೆ ಗೀತೆಯ ತರಗತಿಗೆ ಸೇರುತ್ತಾರೆ. ನಮ್ಮ ಬೀದಿಯ ರಾಯರು ಕುದುರೆ ತಂದರು. ಟಾಂಗಾ ಬಿಟ್ಟು ಆಟೋ ಕೊಂಡವರೊಬ್ಬರು, "ತಗೊಳ್ಳಿ ಸ್ವಾಮಿ, ಪುಣ್ಯ ಬರ್ತದೆ" ಅಂದರಂತೆ. ಹಾಗೆ ಬಂದದ್ದು ಮೋತಿ. ಪಕ್ಕೆಲುಬುಗಳನ್ನು ಗೇಟಿನಿಂದಲೇ ಎಣಿಸಬಹುದಿತ್ತು. ರಾಯರು ಎಣಿಸಿಯೂ ಬಿಟ್ಟರು, ಲೆಕ್ಕಪತ್ರ ಶಾಖೆಯಲ್ಲಿ ಸವೆದ ಜೀವ. "ಒಂದು ಪಕ್ಕಕ್ಕೆ 18 ಇರ್ಬೇಕು. 11 ಕಾಣ್ತಿವೆ, ಮಿಕ್ಕಿದ್ದು ಬಾಕಿ."

ಇಂಥ ರಾಯರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಕುದುರೆ ಸಿಕ್ಕದಿದ್ದರೆ ನೀರಿನ ಮೋಟಾರಾದರೂ ಸಾಕು, ಒಂದು ನೋಟ್‌ಬುಕ್ ಶುರುವಾಗುತ್ತದೆ.

ಕಾರು ಬೀದಿಯ ಬಿಸಿಲಿಗೆ ಹೋಯಿತು, ಮೋತಿ ಶೆಡ್ಡಿಗೆ ಬಂತು. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದರು. ದಿನಕ್ಕೆ ಮೈತೂಕದ ನೂರಕ್ಕೆ ಎರಡು ಪಾಲು ಒಣಮೇವು ಎಂಬುದು ನೋಟ್‌ಬುಕ್ಕಿನ ಮೊದಲ ಸಾಲು. ಆದರೆ ಕುದುರೆಯನ್ನು ತಕ್ಕಡಿಗೆ ಹತ್ತಿಸುವುದು ಹೇಗೆ? ಎದೆಯ ಸುತ್ತಳತೆಯ ವರ್ಗವನ್ನು ಮೈಯುದ್ದದಿಂದ ಗುಣಿಸಿ, ಸುಮಾರು 11,880ರಿಂದ ಭಾಗಿಸಿದರೆ ಕೆಜಿ ಬರುತ್ತದೆ. ಕೂಡಲೇ ಹೆಂಡತಿಯ ಹೊಲಿಗೆ ಟೇಪು ಲಾಯಕ್ಕೆ ವರ್ಗವಾಯಿತು. ಸುತ್ತು 148 ಸೆಂಟಿಮೀಟರು, ಉದ್ದ 140, ತೂಕ 258 ಕೆಜಿ. ಅಂದರೆ ಐದು ಕೆಜಿ ಚಿಲ್ಲರೆ ಹುಲ್ಲು. ಕುದುರೆಯ ಜಠರ ಚಿಕ್ಕದು, ಆದ್ದರಿಂದ ಐದು ಕಂತು, ಕಡೆಯದು ರಾತ್ರಿ ಹತ್ತಕ್ಕೆ. ಮೊಮ್ಮಗನ ಹುಟ್ಟುಹಬ್ಬ ಮರೆತವರು ಆ ಹತ್ತು ಗಂಟೆಯನ್ನು ಒಂದು ದಿನವೂ ಮರೆಯಲಿಲ್ಲ.

ದಿನಸಿ ಚೀಟಿಯಲ್ಲಿ "ಕುದುರೆ ಮಸಾಲೆ, 2 ಕೆಜಿ" ಎಂದು ಬರೆದರು. ಅಂಗಡಿ ಹುಡುಗ ಕಪಾಟೆಲ್ಲ ಹುಡುಕಿ, "ಪಲಾವ್‌ದು ಐತೆ, ಚಿಕನ್‌ದು ಐತೆ, ಕುದ್ರೇದು ಇನ್ನೂ ಬಂದಿಲ್ಲ ಸಾರ್" ಅಂದ. ಅದು ಮೇವಿನ ಸೊಪ್ಪು ಎಂದು ತಿಳಿಸಿ ಹೇಳುವಷ್ಟರಲ್ಲಿ ಅಂಗಡಿಯಲ್ಲಿದ್ದ ಹೆಂಗಸರು ರಾಯರನ್ನು ಬೇರೆ ದೃಷ್ಟಿಯಿಂದ ನೋಡಿಯಾಗಿತ್ತು.

ಹುರುಳಿಯದು ಇನ್ನೊಂದು ಕಥೆ. ಬೇಯಿಸಿದ ಕಾಳು ಮೋತಿಗೆ, ಬಸಿದ ಕಟ್ಟು ಮನೆಯವರಿಗೆ. ಏಪ್ರಿಲ್ ತಿಂಗಳಿಡೀ ಕಟ್ಟಿನ ಸಾರು. ಹುರುಳಿ ಉಷ್ಣ ಎನ್ನುತ್ತಾರಲ್ಲ, ಬಾಯಿ ಹುಣ್ಣೆದ್ದದ್ದು ರಾಯರಿಗೆ. ತಮ್ಮ ದೋಸೆಗೆ ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಬಿಡುವವರು ಮೋತಿಯ ಮೇವಿಗೆ ಒಂದು ಚಮಚದಿಂದ ಶುರುಮಾಡಿ ದಿನದಿನಕ್ಕೂ ಏರಿಸಿದರು. ಯುಗಾದಿಗೆ ಉಳಿದ ಹೋಳಿಗೆ ಹಿಡಿದು ಬಂದವರನ್ನು ಮಾತ್ರ ಗೇಟಿನಲ್ಲೇ ತಡೆದಿದ್ದರು: "ಕುದುರೆ ವಾಂತಿ ಮಾಡಲ್ಲ ಕಣ್ರೀ! ಒಳಗೆ ಹೋಗಿದ್ದು ಹೋಯ್ತು, ಹೊಟ್ಟೆಶೂಲೆ ಬಂದ್ರೆ ನೀವು ಬರ್ತೀರಾ?"

ಇಷ್ಟಾದರೂ ಮೋತಿ ಮೈಹಿಡಿಯಲಿಲ್ಲ. ಅರ್ಧ ಅಗಿದ ಹುಲ್ಲಿನ ಉಂಡೆಗಳು ಬಾಯಿಂದ ಉದುರುತ್ತಿದ್ದವು. ರಾಯರು ಅವನ್ನೂ ತೂಗಿ ಬರೆದಿಟ್ಟರು. ಪಶುವೈದ್ಯರು ಬಂದು ಬಾಯೊಳಗೆ ಕೈ ಹಾಕಿದ ಮೇಲೆ ಗುಟ್ಟು ತಿಳಿಯಿತು. ಬೆಳೆಯುತ್ತಲೇ ಇರುವ ದವಡೆ ಹಲ್ಲುಗಳ ಅಂಚು ಚೂಪಾಗಿ ಕೆನ್ನೆಗೆ, ನಾಲಿಗೆಗೆ ಚುಚ್ಚುತ್ತಿತ್ತು. ಅರ ಹಾಕಿ ಉಜ್ಜಿದರು, ಜಂತುಹುಳದ ಔಷಧ ಕೊಟ್ಟರು, ನೀರು ಸದಾ ಮುಂದಿರಲಿ, ನೆಕ್ಕಲು ಉಪ್ಪಿನ ಗಡ್ಡೆ ಕಟ್ಟಿ ಎಂದರು. ತಮ್ಮ ಹಲ್ಲುನೋವನ್ನು ಮೂರು ವರ್ಷದಿಂದ ಲವಂಗದ ಮೇಲೆ ತಳ್ಳುತ್ತಿದ್ದ ರಾಯರು ಮೋತಿಯ ಹಲ್ಲಿಗೆ ನೋಟು ಎಣಿಸಿಕೊಟ್ಟರು. ಆ ವಾರ ಬೆಂಗಳೂರಿನಿಂದ ಬಂದ ಮಗನ ಪಕ್ಕೆಗೆ ಬೆರಳೊತ್ತಿ, "ಹುಳದ ಔಷಧ ತಗೊಂಡಿದೀಯೇನೋ?" ಎಂದು ವಿಚಾರಿಸಿದರು.

ಮೇ ಕೊನೆಯ ವಾರದ ಒಂದು ಬೆಳಿಗ್ಗೆ ಲಾಯದಿಂದ ಕೂಗು ಕೇಳಿತು. ಏನಾಯಿತೋ ಎಂದು ಓಡಿದೆವು. ರಾಯರು ಮೋತಿಯನ್ನು ತಬ್ಬಿಕೊಂಡಂತೆ ನಿಂತಿದ್ದರು, ಕೈಯಲ್ಲಿ ಟೇಪಿನ ಎರಡು ತುದಿ, ನಡುವೆ ಎರಡು ಬೆರಳು ಅಂತರ.

"ಒಂದೂವರೆ ಮೀಟರ್ ಟೇಪು ಸಾಲ್ತಿಲ್ಲ ಕಣೇ!"

ಹೆಂಡತಿ ಟೇಪು ಕಿತ್ತುಕೊಂಡು, ಸೆರಗಿನಲ್ಲಿ ಒರೆಸಿ, "ಸದ್ಯ! ಇನ್ನಾದ್ರೂ ನನ್ನ ರವಿಕೆ ಹೊಲ್ಕೋತೀನಿ" ಎನ್ನುತ್ತ ಒಳಗೆ ನಡೆದರು.