ಟಕ್ ಟಕ್ ಅಂತು, ಹತ್ತಲಿಲ್ಲ

ಗ್ಯಾಸ್ ಗೀಸರ್ ಕೈಕೊಟ್ಟ ದಿನ ಮನೆಯಲ್ಲಿ ಡಾಕ್ಟರುಗಳಿಗೆ ಬರವಿಲ್ಲ. "ಸಿಲಿಂಡರ್ ಮುಗಿದಿರಬೇಕು" ಅಂತ ಅಡುಗೆಮನೆಯಿಂದ ಒಂದು ದನಿ. "ನಿನ್ನೆ ಕೊನೇಲಿ ಸ್ನಾನ ಮಾಡಿದ್ದು ಯಾರು?" ಅಂತ ತನಿಖೆಗಿಳಿಯುವವರು ಇನ್ನೊಬ್ಬರು. ಒಳಗೆ ತಲೆತುಂಬ ಶಾಂಪೂ ಹಚ್ಚಿಕೊಂಡು ನಿಂತವರ ಮಾತಿಗೆ ಮಾತ್ರ ಕಿಮ್ಮತ್ತಿಲ್ಲ.

ಅಲ್ಲಾ ಸ್ವಾಮಿ, ಆ ಪೆಟ್ಟಿಗೆ ತನ್ನ ಕಾಯಿಲೆ ತಾನೇ ಹೇಳುತ್ತೆ, ಕಿವಿಗೊಡಬೇಕಷ್ಟೆ. ನಲ್ಲಿ ತಿರುಗಿಸಿದರೆ ನೀರು ಒಳಗಿನ ರಬ್ಬರ್ ಡಯಾಫ್ರಮ್ ಒತ್ತುತ್ತೆ, ಅದು ಒಂದು ಪುಟ್ಟ ಸ್ವಿಚ್ ತಳ್ಳುತ್ತೆ. ಟಕ್ ಟಕ್ ಟಕ್ ಅಂತ ಕಿಡಿ, ಜತೆಗೇ ಗ್ಯಾಸ್ ವಾಲ್ವ್ ತೆರೆಯುತ್ತೆ. ಇಷ್ಟಕ್ಕೆಲ್ಲ ಕರೆಂಟು ಕೊಡೋದು ಟಾರ್ಚಿನ ಎರಡು ದಪ್ಪ ಸೆಲ್, ಒಟ್ಟು 3 ವೋಲ್ಟ್. ಸಾವಿರಾರು ರೂಪಾಯಿಯ ಯಂತ್ರದ ಜುಟ್ಟು ಎರಡು ಸೆಲ್ಲಿನ ಕೈಲಿ!

ಟಕ್ ಟಕ್ ಸದ್ದೇ ಇಲ್ಲ ಅಂದರೆ ಪಾಪ, ಗ್ಯಾಸಿನ ಮೇಲೆ ಗೂಬೆ ಕೂರಿಸಬೇಡಿ. ಸೆಲ್ ಸತ್ತಿರಬೇಕು, ಇಲ್ಲ ಉಲ್ಟಾ ಹಾಕಿರಬೇಕು, ಇಲ್ಲ ಬಚ್ಚಲಿನ ಹಬೆಗೆ ಸೆಲ್ ಕೂರುವ ಪಟ್ಟಿ ಹಸಿರುಗಟ್ಟಿರಬೇಕು. ಅದೆಲ್ಲ ಸರಿಯಿದ್ದರೆ ನೀರಿನ ಫೋರ್ಸ್ ಸಾಲದು. ಒಳಬರುವ ಪೈಪಿನ ಜಾಲರಿಯಲ್ಲಿ ಬೋರ್‌ವೆಲ್ಲಿನ ಮರಳು ಸೇರಿಕೊಂಡಿದ್ದರೂ ಇದೇ ಕಥೆ. ಬೆಂಗಳೂರಿನ ಮೂರಂತಸ್ತಿನ ಮನೆಗಳಲ್ಲಿ ಇದರ ಮಜಾ ನೋಡಬೇಕು. 10 ಮೀಟರ್ ಎತ್ತರದಲ್ಲಿ ನೀರಿದ್ದರೆ ಸುಮಾರು 1 ಬಾರ್ ಒತ್ತಡ. ಕೆಳಮನೆಯ ಬಾಡಿಗೆಯವನಿಗೆ ಧಾರಾಳವಾಯಿತು, ನಲ್ಲಿ ಮುಟ್ಟಿದರೆ ಗೀಸರ್ ಹತ್ತುತ್ತೆ. ಗಾಳಿ-ಬೆಳಕು ಚೆನ್ನಾಗಿದೆ ಅಂತ ಮೇಲಿನ ಮಹಡಿ ತಮಗೇ ಇಟ್ಟುಕೊಂಡ ಓನರ್ ಸಾಹೇಬರ ಬಚ್ಚಲಿಗೂ ಟ್ಯಾಂಕಿಗೂ ನಾಲ್ಕೈದು ಅಡಿ ಅಂತರ. ಸ್ವಿಚ್ ಅಲ್ಲಾಡೋದೇ ಇಲ್ಲ. ಬಾಡಿಗೆ ಬಾಯಿಮಾತಿನಲ್ಲೇ ಏರುತ್ತೆ, ಒತ್ತಡ ಏರಿಸೋಕೆ ಪಂಪೇ ಬೇಕು.

ಸದ್ದು ಬರುತ್ತೆ, ಉರಿ ಬರಲ್ಲ ಅಂತೀರಾ? ಈಗ ಸಿಲಿಂಡರ್, ರೆಗ್ಯುಲೇಟರ್ ನೋಡಿ, ಆ ಅಡುಗೆಮನೆ ದನಿಗೂ ಒಂದು ಸಮಾಧಾನ. ಆದರೆ ಇಲ್ಲೂ ಸೆಲ್ಲಿನ ಕಳ್ಳಾಟ ಉಂಟು. ಅರೆಜೀವದ ಸೆಲ್ ಕಿಡಿ ಹಾರಿಸುತ್ತೆ, ವಾಲ್ವ್ ಎಳೆಯುವಷ್ಟು ಕಸುವಿರಲ್ಲ. ಮದುವೆ ಮನೆಯಲ್ಲಿ ಬರೀ ಕೂಗಾಡಿ ಒಂದು ಬಕೆಟ್ಟೂ ಎತ್ತದ ಭಾವನ ಹಾಗೆ. ಹತ್ತಿ ಕೆಲವೇ ಸೆಕೆಂಡಿಗೆ ಆರಿದರೆ, ಉರಿ ಇದೆಯೋ ಇಲ್ಲವೋ ಪತ್ತೆಹಚ್ಚುವ ಕಡ್ಡಿಗೆ ಮಸಿ ಹಿಡಿದಿರುತ್ತೆ. ಇನ್ನು 20 ನಿಮಿಷಕ್ಕೆ ಆರಿದರೆ ಅದು ರೋಗವೇ ಅಲ್ಲ. ಹಲವು ಗೀಸರುಗಳಲ್ಲಿ ಅಷ್ಟಕ್ಕೆ ನಿಲ್ಲುವ ಟೈಮರ್ ಇರುತ್ತೆ. ಹೊರಗೆ ಬನ್ನಿ, ಬೇರೆಯವರಿಗೂ ಆಫೀಸಿದೆ.

ಟಕ್ ಟಕ್ ಆಗಿ ಆಗಿ ತಡವಾಗಿ ಭಪ್ ಅಂತ ಹತ್ತಿತೋ, ನೀಲಿ ಉರಿ ಹಳದಿಗೆ ತಿರುಗಿತೋ, ತಮಾಷೆ ಬಿಟ್ಟು ಗ್ಯಾಸ್ ಬಂದ್ ಮಾಡಿ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗಾಳಿ ಸಾಲದೆ ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜೀವ ಹೋಗುವವರೆಗೂ ಗೊತ್ತಾಗಲ್ಲ. ಪೆಟ್ಟಿಗೆ ಬಚ್ಚಲ ಹೊರಗಿದ್ದರೇ ವಾಸಿ.

ಕೊನೆಗೆ ಮೆಕ್ಯಾನಿಕ್ ಬರ್ತಾನೆ. ಮೊದಲು ಕೈ ಹಾಕೋದೇ ಸೆಲ್ಲಿಗೆ.

"ಹೊಸದೇ ಹಾಕಿದೀನಪ್ಪಾ."

"ಯಾವಾಗ ಹಾಕಿದ್ದು ಸಾರ್?"

"ಮೊನ್ನೆ ಮೊನ್ನೆ, ಗಣೇಶನ ಹಬ್ಬಕ್ಕೆ."

ಮುಂದಿನ ವಾರ ಯುಗಾದಿ.