ತೊಟ್ಟಿಲಿಗೊಂದು ಲ್ಯಾಂಡಿಂಗ್ ಪೇಜು

ನವಲಗುಂದದಲ್ಲಿ ಜಮಖಾನ ನೇಯುವ ಹೆಣ್ಣುಮಗಳಿಗೆ ಸದ್ಯ ತುರ್ತಾಗಿ ಬೇಕಾಗಿರುವುದು ಒಂದು ಲ್ಯಾಂಡಿಂಗ್ ಪೇಜು. ನೂಲಿನ ದರ, ಕೈಗೆ ಬರುವ ಕೂಲಿ, ಕೂತು ಕೂತು ಹಿಡಿದ ಸೊಂಟ, ಇವನ್ನೆಲ್ಲ ಆಮೇಲೆ ನೋಡಿಕೊಂಡರಾಯಿತು. ಕಲಘಟಗಿಯ ತೊಟ್ಟಿಲು ಮಾಡುವವನಿಗೆ ಎಸ್‌ಇಒ ಬೇಕು. ಕುಂದಗೋಳದ ಖಾರದ ಪುಡಿಯವನಿಗೆ ರೀಲ್ಸು, ಅಣ್ಣಿಗೇರಿಯ ಕಡಲೆ ವ್ಯಾಪಾರಿಗೆ ‘ಬ್ರ್ಯಾಂಡ್ ಸ್ಟೋರಿ’. ಹೀಗೆ ಹೇಳುವ ಡಿಜಿಟಲ್ ಮಾರ್ಕೆಟಿಂಗ್ ತಜ್ಞರು ಹುಬ್ಬಳ್ಳಿಯಿಂದ ಬೈಕಿನ ಮೇಲೆ ಬರುತ್ತಾರೆ, ಬ್ಯಾಗಿನಲ್ಲಿ ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಮೂರು ಪ್ಯಾಕೇಜು ತರುತ್ತಾರೆ. ಊರಿನ ಅಕ್ಕಸಾಲಿಗನ ಹತ್ತಿರವೂ ಪ್ಲಾಟಿನಂ ಇರುವುದಿಲ್ಲ.

ಸಿಲ್ವರ್ ಕೊಂಡವರ ವೆಬ್‌ಸೈಟ್ ನೀವು ನೋಡಿಯೇ ಇರುತ್ತೀರಿ. ತೆರೆದ ಕೂಡಲೇ ಸೂಟು ತೊಟ್ಟ ಇಬ್ಬರು ಬಿಳಿಯರು ಕೈಕುಲುಕುತ್ತಾರೆ. ಅಂಗಡಿ ಶೇಂಗಾ ಎಣ್ಣೆಯದು. ಇವರಿಬ್ಬರಲ್ಲಿ ಎಣ್ಣೆ ತೆಗೆದವ ಯಾರು, ಕ್ಯಾನು ತಂದವ ಯಾರು ಗೊತ್ತಾಗುವುದಿಲ್ಲ. ಕೆಳಗೆ ‘ನಮ್ಮ ತಂಡ’ ಎಂಬಲ್ಲಿ ಕನ್ನಡಕದ ಯುವತಿಯೊಬ್ಬಳು ಲ್ಯಾಪ್‌ಟಾಪ್ ನೋಡಿ ನಗುತ್ತಿರುತ್ತಾಳೆ. ‘ಗ್ರಾಹಕರ ಮಾತು’ ಎಂಬಲ್ಲಿ ಜಾನ್ ಡೋ ಎಂಬ ಗಿರಾಕಿ ನಮ್ಮ ಶೇಂಗಾ ಎಣ್ಣೆಯನ್ನು ಲ್ಯಾಟಿನ್‌ನಲ್ಲಿ ಹೊಗಳಿರುತ್ತಾನೆ. ಕನ್ನಡದಲ್ಲೂ ಎರಡು ಮಾತಿರಲಿ ಎಂದು ಮಾಲೀಕ ಹಟ ಹಿಡಿದರೆ, ಮಗ್ಗುಲ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆಸಿದ್ದನ್ನು ಹಾಗೇ ತಂದು ಅಂಟಿಸುತ್ತಾರೆ. ಯೂನಿಕೋಡ್ ಅಲ್ಲದ್ದರಿಂದ ಅದು ಪರದೆಯ ಮೇಲೆ ಇಂಗ್ಲಿಷ್ ಅಕ್ಷರ, ಆಶ್ಚರ್ಯಸೂಚಕ ಚಿಹ್ನೆಗಳ ಚಿತ್ರಾನ್ನವಾಗಿ ಮೂಡುತ್ತದೆ. ಫೋನ್ ನಂಬರಿನ ಜಾಗದಲ್ಲಿ ಒಂದರಿಂದ ಒಂಬತ್ತರವರೆಗೆ ಸಾಲಾಗಿ ಅಂಕಿ, ಕೊನೆಗೊಂದು ಸೊನ್ನೆ. ಎಣ್ಣೆಯ ದರ ಮಾತ್ರ ಎಲ್ಲೂ ಇರುವುದಿಲ್ಲ. ದರ ತಿಳಿಯಬೇಕಾದರೆ ಒಂದು ಅರ್ಜಿ ತುಂಬಬೇಕು. ತಹಶೀಲ್ದಾರ ಕಚೇರಿಗೆ ಅಲೆದು ಅಭ್ಯಾಸವಿರುವ ಜನ, ತುಂಬುತ್ತಾರೆ ಬಿಡಿ ಎಂಬ ಭರವಸೆ ಇರಬೇಕು.

ಜಮಖಾನದ ಕಡೆ ಬರೋಣ. ನವಲಗುಂದದ ಜಮಖಾನಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ಅವರ ಹಿರಿಯರು ಆದಿಲಶಾಹಿ ಕಾಲದಲ್ಲಿ ವಿಜಯಪುರದ ಕಡೆಯಿಂದ ಬಂದವರಂತೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ನವಿಲು, ಪಗಡೆ ಹಾಸಿನ ಚಿತ್ತಾರಗಳನ್ನು ಎಳೆ ಎಳೆಯಾಗಿ ಕುಟ್ಟಿ ಕೂಡಿಸುವ ಕೆಲಸ. ಮಗಳು ಮದುವೆಯಾಗಿ ಹೋದರೆ ವಿದ್ಯೆಯೂ ಆಕೆಯೊಂದಿಗೆ ಹೋದೀತೆಂದು ಮನೆಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಇಂಥ ಮನೆಗೆ ನಮ್ಮ ತಜ್ಞ ಹೋಗಿ ಕೊಡುವ ಮೊದಲ ಸಲಹೆಯೇ, “ಅಕ್ಕಾರ, ಬಿಹೈಂಡ್ ದ ಸೀನ್ಸ್ ತೋರಸ್ರಿ. ಕೈಯಿ ಹೆಂಗ ಆಡತಾವು ಅಂತ ಕ್ಲೋಸಪ್‌ನಾಗ ಒಂದು ರೀಲ್ ಹಾಕ್ರಿ.”

“ತಮ್ಮಾ, ನಮ್ಮತ್ತಿ ಹೊಟ್ಟ್ಯಾಗ ಹುಟ್ಟಿದ ಮಗಳಿಗೇ ತೋರಿಸಿದ್ದಿಲ್ಲ. ನೀ ಮುಂಬೈತನಕ ತೋರಸಂತೀಯಲ್ಲ!”

ಆಕೆಯ ಅತ್ತೆ ತೀರ ತಪ್ಪು ಮಾಡಿದ್ದಳೆಂದು ನನಗನಿಸುವುದಿಲ್ಲ. ಪೇಟೆಂಟು, ಟ್ರೇಡ್‌ಮಾರ್ಕು ಎಂದರೇನೆಂದು ಗೊತ್ತಿಲ್ಲದ ಕಾಲದಲ್ಲಿ ಗುಟ್ಟು ಕಾಯಲು ಆಕೆಗಿದ್ದ ಕಚೇರಿ ಸೊಸೆ ಒಬ್ಬಳೇ. ಈಗಿನ ಕಷ್ಟ ಬೇರೆ: ಗುಟ್ಟು ಬಿಟ್ಟುಕೊಡುತ್ತೇನೆಂದರೂ ಕಲಿಯುವವರು ಸಿಗುವುದಿಲ್ಲ. ನೇಯುವವರು ಬೆರಳೆಣಿಕೆಯಷ್ಟಾಗಿದ್ದಾರೆ, ದೊಡ್ಡ ಜಮಖಾನಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ತಜ್ಞ ಮಾತ್ರ ತಿಂಗಳಿಗೆ ಹತ್ತು ಸಾವಿರ ಮಂದಿಯನ್ನು ಪೇಜಿಗೆ ಕರೆತರುವ ಮಾತಾಡುತ್ತಾನೆ. ಬಂದ ಹತ್ತು ಸಾವಿರ ಮಂದಿಯನ್ನು ಕೂಡಿಸಲಿಕ್ಕಾದರೂ ಜಮಖಾನ ಬೇಕಲ್ಲ.

ಕಲಘಟಗಿಯ ತೊಟ್ಟಿಲಿನ ವಿಷಯದಲ್ಲಿ ಮಾರ್ಕೆಟಿಂಗ್ ಶಾಸ್ತ್ರ ಇನ್ನೂ ಮಜಾ ಕೊಡುತ್ತದೆ. ಆ ಶಾಸ್ತ್ರದ ಮೂಲಮಂತ್ರ ‘ರಿಪೀಟ್ ಕಸ್ಟಮರ್’. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ಕೃಷ್ಣನ ಬಾಲಲೀಲೆ. ಅಜ್ಜ ಮಲಗಿದ್ದರಲ್ಲೇ ಮೊಮ್ಮಗ ಮಲಗುತ್ತಾನೆ. ಗಿರಾಕಿಯನ್ನು ಮತ್ತೆ ಬರಿಸಿಕೊಳ್ಳಬೇಕಾದರೆ ಒಂದೋ ತೊಟ್ಟಿಲು ಬೇಗ ಮುರಿಯುವಂತೆ ಮಾಡಬೇಕು, ಇಲ್ಲವೇ ಆ ಮನೆಯಲ್ಲಿ ಇಬ್ಬರು ಸೊಸೆಯಂದಿರು ಒಟ್ಟಿಗೆ ಹೆರಬೇಕು. ಎರಡನೆಯದು ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ. ಮುಂದಿನ ಉಪಾಯ ‘ಟಾರ್ಗೆಟೆಡ್ ಜಾಹೀರಾತು’: ಹೊಸದಾಗಿ ಮದುವೆಯಾದವರ ಮೊಬೈಲಿಗೆ ತೊಟ್ಟಿಲು ತೋರಿಸುವುದು, ನೋಡಿ ಸುಮ್ಮನಾದರೆ ವಾರಕ್ಕೊಮ್ಮೆ ನೆನಪಿಸುವುದು. ಈ ಸೇವೆಯನ್ನು ನಮ್ಮ ಓಣಿಯ ಆಯಿಗಳು ತಲೆತಲಾಂತರದಿಂದ ಪುಕ್ಕಟೆ ಕೊಡುತ್ತ ಬಂದಿದ್ದಾರೆ. “ಏನವಾ, ಏನರ ಸುದ್ದಿ ಐತೇನು?” ಎಂದು ನೀರಿನ ನಳದ ಹತ್ತಿರ ಕೇಳುವ ಆಯಿಯನ್ನು ಬ್ಲಾಕ್ ಮಾಡಲೂ ಬರುವುದಿಲ್ಲ.

ಕಲಘಟಗಿಗೆ ಬಂದ ನಿಜವಾದ ಪ್ರಚಾರ ಯಾವ ತಜ್ಞನ ಕೈವಾಡವೂ ಆಗಿರಲಿಲ್ಲ. 2018ರ ನವೆಂಬರಿನಲ್ಲಿ ನಟ ಅಂಬರೀಷ್ ತೀರಿಕೊಂಡರು. ಯಶ್ ಮತ್ತು ರಾಧಿಕಾ ಪಂಡಿತ್ ದಂಪತಿಯ ಮಗುವಿಗೆಂದು ಅವರು ಮೊದಲೇ ಹೇಳಿಟ್ಟಿದ್ದ ಕಲಘಟಗಿ ತೊಟ್ಟಿಲು ಅವರು ಹೋದ ಮೇಲೆ ಮಗುವಿನ ಮನೆ ಸೇರಿತು. ಟಿವಿ, ಪತ್ರಿಕೆ, ವಾಟ್ಸಾಪ್ ಎಲ್ಲ ಕಡೆ ಅದೇ ತೊಟ್ಟಿಲು. ಆಗ ತೊಟ್ಟಿಲಿನವರ ಫೋನು ಬಿಡುವಿಲ್ಲದೆ ಹೊಡೆದುಕೊಂಡಿದ್ದರೆ ಆಶ್ಚರ್ಯವಿಲ್ಲ. ಫೋನು ಹೊಡೆದುಕೊಂಡಷ್ಟು ಬೇಗ ಕೈ ಓಡುವುದಿಲ್ಲ ಎಂಬುದು ಕಸುಬಿನವರಿಗೆ ಗೊತ್ತು, ತಜ್ಞರಿಗೆ ಗೊತ್ತಿಲ್ಲ. ‘ಉಚಿತ ಡೆಲಿವರಿ ಅಂತ ಹಾಕ್ರಿ’ ಎಂದೂ ಇವರು ಹೇಳುತ್ತಾರೆ. ಸಾಗವಾನಿಯ ತೊಟ್ಟಿಲನ್ನು ಪುಣೆಗೆ ಕಳಿಸಲು ಲಾರಿ ಪಾರ್ಸಲ್ಲಿಗೆ ಎಷ್ಟಾಗುತ್ತದೆಂದು ಒಮ್ಮೆ ಕೇಳಿ ಬಂದು ಹೇಳಿದ್ದರೆ ಚೆನ್ನಾಗಿತ್ತು.

ಊರ ಹೆಸರಿನದೂ ಒಂದು ತಕರಾರಿದೆ. ಇಂಗ್ಲಿಷಿನಲ್ಲಿ ಕಲಘಟಗಿ ಬರೆಯುವಾಗ ‘ಎ’ ಎಲ್ಲಿ ಹಾಕಬೇಕು, ಎಲ್ಲಿ ನುಂಗಬೇಕು ಎಂಬುದು ಬೋರ್ಡಿನಿಂದ ಬೋರ್ಡಿಗೆ ಬೇರೆ. ವೆಬ್ ವಿಳಾಸದಲ್ಲಿ ಒಂದು ‘ಎ’ ತಪ್ಪಿದರೆ ಗಿರಾಕಿ ಇನ್ನಾರದೋ ಬಾಗಿಲಿಗೆ ಹೋಗುತ್ತಾನೆ. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಮುಗಿಯುವ ವಿಳಾಸ ಸಿಗುತ್ತದೆ. ಯಾವ ಪ್ಯಾಕೇಜಿನವನೂ ಅದರ ಸುದ್ದಿ ಎತ್ತಿದ್ದನ್ನು ನಾನು ಕೇಳಿಲ್ಲ.

ಕುಂದಗೋಳ. ಇಲ್ಲಿಗೆ ಬಂದು ಮುಗಿದ ಒಂದು ಹುಡುಕಾಟ ಸರ್ಚ್ ಇಂಜಿನ್ನಿನವರು ಪಾಠವಾಗಿ ಇಟ್ಟುಕೊಳ್ಳಬಹುದಾದದ್ದು. ಗದಗಿನ ಹುಡುಗ ಭೀಮಸೇನ ಜೋಶಿ ಸಂಗೀತದ ಗುರುವನ್ನು ಹುಡುಕುತ್ತ ಮನೆಬಿಟ್ಟು ಗ್ವಾಲಿಯರ್ ಕಂಡು, ಜಲಂಧರ್‌ತನಕ ಹೋದರು. ಅಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು, ನಿಮ್ಮ ಸೀಮೆಯ ಕುಂದಗೋಳದಲ್ಲೇ ಸವಾಯಿ ಗಂಧರ್ವರಿರುವಾಗ ಇಲ್ಲೇನು ಹುಡುಕುತ್ತೀ ಎಂದು ತಿರುಗಿಸಿ ಕಳಿಸಿದರಂತೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಅದೇ ಕುಂದಗೋಳಕ್ಕೆ ಬರುತ್ತಿದ್ದರು. ಗುರುಗಳ ಮನೆಗೆ ಎಷ್ಟು ಸ್ಟಾರ್ ಇದೆ ಎಂದು ಯಾರೂ ನೋಡಿರಲಿಕ್ಕಿಲ್ಲ. ಆ ಗುರು ಪಾಠಕ್ಕೆ ಕಾಯಿಸುತ್ತಿದ್ದ ರೀತಿಗೆ ಈಗಿನವರಾದರೆ ಒಂದೇ ಸ್ಟಾರ್ ಕೊಟ್ಟು ಮರುರೈಲಿಗೆ ಹೋಗಿರುತ್ತಿದ್ದರು.

ಅದೇ ಕುಂದಗೋಳದ ಸೀಮೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತದೆ. ಖಾರದ ಪುಡಿ ಕುಟ್ಟಿಸಿ ಪೊಟ್ಟಣ ಮಾಡಿ ಮಾರುವ ಹೆಣ್ಣುಮಗಳಿಗೆ ತಜ್ಞ ಕಲಿಸುವುದು ಹ್ಯಾಶ್‌ಟ್ಯಾಗು. ಕಲಿಸಬೇಕಾದದ್ದನ್ನು ಕಲಿಸುವುದಿಲ್ಲ. 2023ರ ಅಕ್ಟೋಬರ್‌ನಿಂದ, ರಾಜ್ಯದೊಳಗಷ್ಟೇ ಆನ್‌ಲೈನ್ ಅಂಗಡಿಗಳ ಮೂಲಕ ಮಾರುವ ಸಣ್ಣವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ಆದರೆ ಖಾರದ ಪುಡಿಯ ಒಂದೇ ಪೊಟ್ಟಣ ಗಡಿ ದಾಟಿ ಕೊಲ್ಹಾಪುರದ ಗಿರಾಕಿಗೆ ಮಾರಾಟವಾದರೂ ನೋಂದಣಿ ಬೇಕು. ಕೈಕಸುಬಿನ ಕೆಲವು ವಸ್ತುಗಳಿಗೆ ಇಲ್ಲಿ ರಿಯಾಯಿತಿ ಇದೆ, ಖಾರದ ಪುಡಿಗಿಲ್ಲ. ಜೊತೆಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ, ಪೊಟ್ಟಣದ ಮೇಲೆ ತೂಕ, ತಯಾರಾದ ದಿನ. ಇಷ್ಟು ಹೇಳಲು ಅರ್ಧ ತಾಸು ಸಾಕು. ಆದರೆ ಹೇಳಿದರೆ ಆಕೆ ಹೆದರಿ ಗೋಲ್ಡ್ ಪ್ಯಾಕೇಜು ಬೇಡವೆಂದಾಳು.

ಪ್ಯಾಕೇಜುಗಳ ಆಯುಸ್ಸಿನ ಬಗ್ಗೆಯೂ ಒಂದು ಮಾತು. ಗೂಗಲ್ ಸಂಸ್ಥೆ ಸಣ್ಣ ವ್ಯಾಪಾರಿಗಳಿಗೆಂದು ಪುಕ್ಕಟೆ ವೆಬ್‌ಸೈಟ್ ಮಾಡಿಕೊಳ್ಳಲು ಬಿಟ್ಟಿತ್ತು. ಅಂಗಡಿಯ ವಿವರ ತುಂಬಿದರೆ ಸಾಕು, ಪುಟ ತಾನೇ ತಯಾರಾಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಅವಷ್ಟನ್ನೂ ಒಟ್ಟಿಗೆ ಮುಚ್ಚಿತು. ದುಡ್ಡು ಕೊಟ್ಟು ಮಾಡಿಸಿದವರ ಪಾಡೂ ಅಷ್ಟೇ: ವರ್ಷ ತುಂಬಿದಾಗ ನವೀಕರಣದ ದುಡ್ಡು ಕಟ್ಟದಿದ್ದರೆ ಹೆಸರು ಕೈಬಿಡುತ್ತದೆ. ಅಳಿಯದ ಪುಟ ನೋಡಬೇಕಾದರೆ ಅಣ್ಣಿಗೇರಿಯ ವಿಚಾರಕ್ಕೆ ಬನ್ನಿ. ಪಂಪನ ತಮ್ಮ ಜಿನವಲ್ಲಭ ಹತ್ತನೆಯ ಶತಮಾನದಲ್ಲಿ, ಇಂದಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ತನ್ನ ಮನೆತನದ ಪರಿಚಯ ಕೆತ್ತಿಸಿದ. ತಾಯಿ ಅಬ್ಬಣಬ್ಬೆ, ಆಕೆಯ ಕಡೆಯವರು ಬೆಳ್ವೊಲದ ಅಣ್ಣಿಗೇರಿಯವರು, ಅಣ್ಣ ಇಂಥ ಕವಿ. ‘ನಮ್ಮ ಬಗ್ಗೆ’ ಎಂಬ ಪುಟದಲ್ಲಿ ಇರಬೇಕಾದದ್ದೆಲ್ಲ ಅಲ್ಲಿದೆ, ಮೂರು ಭಾಷೆಯಲ್ಲಿದೆ, ಕೈಕುಲುಕುವ ಬಿಳಿಯರಿಲ್ಲ. ಸಾವಿರ ವರ್ಷ ದಾಟಿದರೂ ಪುಟ ತೆರೆಯುತ್ತದೆ, ಹೋಸ್ಟಿಂಗ್ ಬಾಕಿ ಎಂದು ಯಾರೂ ಫೋನ್ ಮಾಡಿಲ್ಲ.

ಡಿಜಿಟಲ್ ಆಗಿ, ಡಿಜಿಟಲ್ ಆಗಿ ಎಂದು ಬೆನ್ನು ತಟ್ಟಿದ್ದರ ಫಲವನ್ನು ಸಣ್ಣ ವ್ಯಾಪಾರಿಗಳು 2025ರ ಜುಲೈನಲ್ಲಿ ಉಂಡರು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ನೋಟಿಸು ಕಳಿಸಿತು. ಕ್ಯೂಆರ್ ಕೋಡ್ ಇದ್ದ ಜಾಗದಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ಹಾಲು, ಕಾಯಿಪಲ್ಲೆಯಂಥ ತೆರಿಗೆಯಿಲ್ಲದ ಸರಕಿನ ಹಣ ಎಷ್ಟು, ಮೈದುನ ಕಳಿಸಿದ ಕೈಗಡ ಎಷ್ಟು ಎಂಬ ಭೇದವೆಲ್ಲ ಸೌಂಡ್‌ಬಾಕ್ಸಿಗೆ ತಿಳಿಯುವುದಿಲ್ಲ. ಅದು ಬಂದದ್ದನ್ನೆಲ್ಲ ಓಣಿಗೆ ಕೇಳುವಂತೆ ಕೂಗುತ್ತದೆ. ಅಷ್ಟು ವರ್ಷ ಅದನ್ನು ಉಚಿತ ಜಾಹೀರಾತು ಎಂದುಕೊಂಡಿದ್ದೆವು.

ಹಾಗಾದರೆ ಏನೂ ಬೇಡವೇ? ಬೇಕು. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಗುರುತು ಸರಿಯಾದ ಜಾಗದಲ್ಲಿರಬೇಕು. ನವಲಗುಂದದ ಎರೆಹೊಲದಲ್ಲಿ ಮಳೆಗಾಲಕ್ಕೆ ಕಾರು ಹೂಳಿಸಿಕೊಂಡ ಗಿರಾಕಿ ಮತ್ತೆ ಬರುವುದಿಲ್ಲ. ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವುದಾದರೆ ಅಂದು ರಜೆ ಎಂದು ಹಾಕಿಬಿಡಬೇಕು, ಇಲ್ಲವಾದರೆ ಬೆಂಗಳೂರಿನವರು ಮುಚ್ಚಿದ ಶಟರ್ ನೋಡಿ ಒಂದು ಸ್ಟಾರ್ ಒತ್ತುತ್ತಾರೆ. ಜಮಖಾನವನ್ನು ಟ್ಯೂಬ್‌ಲೈಟಿನ ಕೆಳಗೆ ಬೇಡ, ಮುಂಜಾನೆ ಅಂಗಳದಲ್ಲಿ ಹಾಸಿ ಫೋಟೊ ತೆಗೆಯಬೇಕು. ಅಳತೆ, ದರ, ಎಷ್ಟು ದಿನಕ್ಕೆ ಕೊಡುತ್ತೀರಿ ಎಂಬ ಮೂರು ಮಾತು ಫೋಟೊದ ಕೆಳಗಿರಬೇಕು. ಇದೆಲ್ಲಕ್ಕೂ ದುಡ್ಡು ಬೀಳುವುದಿಲ್ಲ. ಕಾಲೇಜಿಗೆ ಹೋಗುವ ಮಗಳು ವಾಟ್ಸಾಪ್ ಬಿಸಿನೆಸ್‌ನಲ್ಲಿ ಒಂದು ಸಂಜೆ ಕೂತು ಮಾಡುತ್ತಾಳೆ. ಅವಳು ಮಾಡಿದರೆ ಅದಕ್ಕೆ ಹೆಸರಿಲ್ಲ, ತಜ್ಞ ಮಾಡಿದರೆ ‘ಡಿಜಿಟಲ್ ಪ್ರೆಸೆನ್ಸ್’.

ಇಂಥದೇ ಮಾತು ನಡೆದಾಗ ಪ್ಲಾಟಿನಂ ಮಾರಲು ಬಂದವನೊಬ್ಬನಿಗೆ ನಾನೂ ಒಂದು ಸಲಹೆ ಕೊಟ್ಟೆ. “ನಿಮ್ಮ ಪ್ಯಾಕೇಜಿನ ರೊಕ್ಕದಾಗ ಒಬ್ಬ ಹುಡುಗಿಗೆ ಆರು ತಿಂಗಳು ಕೂಲಿ ಕೊಟ್ಟು ಮಗ್ಗದ ಮುಂದ ಕೂಡಿಸಿ ನೇಯೂದು ಕಲಸಬಹುದಲ್ರಿ. ಅಷ್ಟಾದ್ರ ಮಾರಾಕ ಇನ್ನೊಂದು ಜಮಖಾನ ಇರತೈತಿ.”

ಆತ ಸಭ್ಯ ಹುಡುಗ, ಸ್ವಲ್ಪ ಹೊತ್ತು ಯೋಚನೆ ಮಾಡಿದ.

“ಐಡಿಯಾ ಭಾಳ ಛಲೋ ಐತ್ರಿ ಸರ. ಆದ್ರ ಅದನ್ನ ಬೂಸ್ಟ್ ಮಾಡಾಕ ಬರೂದಿಲ್ರಿ.”