ಅಂಬಾರಿಗೊಂದು ಬೆನ್ನು ಬೇಕಾಗಿದೆ

ಹುಣಸೂರಿನ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ಆಚೆ ಪುಟ್ಟಮ್ಮನ ಹೋಟೆಲ್ಲು. ಹೋಟೆಲ್ಲೆಂದರೆ ಒಂದು ಒಲೆ, ಎರಡು ಬೆಂಚು, ಒಂದು ಗಾಜಿನ ಪೆಟ್ಟಿಗೆ. ಬೆಳಿಗ್ಗೆ ಪೆಟ್ಟಿಗೆ ತುಂಬ ವಡೆ, ಸಂಜೆಗೆ ಒಂದು. 2025ರ ಮೈಸೂರು ದಸರೆ ಮುಗಿದು, ಆನೆಗಳು ಲಾರಿ ಹತ್ತಿ ಕಾಡಿಗೆ ಮರಳಿ ತಿಂಗಳು ಕಳೆದಿದೆ. ಆನೆಯ ಮಾತು ಮಾತ್ರ ಇನ್ನೂ ಲಾರಿ ಹತ್ತಿಲ್ಲ. ಹುಣಸೂರಿನ ಬೋರೇಗೌಡ, ಹೊಗೆಸೊಪ್ಪಿನ ಬೇಲು ಹರಾಜಿನಲ್ಲಿ ನೋ ಬಿಡ್ಡಾಗಿ ಮುಖ ಸಪ್ಪೆ ಮಾಡಿಕೊಂಡಿದ್ದ ಪಿರಿಯಾಪಟ್ಟಣದ ಬಸಪ್ಪ, ಎಚ್.ಡಿ. ಕೋಟೆಯ ನಿವೃತ್ತ ಬಸ್ ಡ್ರೈವರ್ ಮಾದೇವ, ಕೆ.ಆರ್. ನಗರದ ಮೇಷ್ಟ್ರು ಒಂದೇ ಬೆಂಚಿನಲ್ಲಿ ಕೂತಿದ್ದರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ, ಬೋರೇಗೌಡರ ತಂಗಿಯ ಮಗ ಕಿರಣ ಎದುರು ಬೆಂಚಿನಲ್ಲಿ ಮೊಬೈಲ್ ನೋಡುತ್ತಿದ್ದ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ನನಗೆ ಕೇಳಿಸಿದ್ದು ಇಷ್ಟು.

ಬೋರೇಗೌಡ: ಅಂಬಾರಿ ಹೊರೋ ಅಭಿಮನ್ಯುಗೆ ಈಗ ಐವತ್ತೊಂಬತ್ತು ಕನ್ರಪ್ಪ. ಅರವತ್ತು ದಾಟಿದ ಆನೆಗೆ ಭಾರ ಹೊರಿಸಂಗಿಲ್ಲ ಅಂತ ರೂಲ್ಸು. ಇವನ ಆದ್ಮೇಲೆ ಯಾರು? ಅದ್ನ ಯೋಳಿ. 2020ರಲ್ಲಿ ಅರ್ಜುನನ್ನ ಬುಡ್ಸಿದ್ದೂ ಅದಕ್ಕೇ ಅಲ್ವಾ?

ಮಾದೇವ: ಬುಡ್ಸಿದ್ರು ಅನ್ಬೇಡ ಗೌಡ. ರಿಟೇರ್ ಆದ ಅನ್ನು. ನಾನು ಆಗಲಿಲ್ವಾ, ಹಂಗೆ.

ಬಸಪ್ಪ: ನಿಂಗೆ ಹಾರಗೀರ ಹಾಕಿದ್ರಾ?

ಮಾದೇವ: ಹಾಕಿದ್ರು. ಮನೆಗೆ ತಕ್ಕೊಂಡ್ಹೋದೆ, ಹಸ ತಿಂತು.

ಕಿರಣ: ಮಾವ, ನೀವು ಮಾಡ್ತಿರೋದಕ್ಕೆ ಅಮೆರಿಕಾದಲ್ಲಿ ಡ್ರಾಫ್ಟ್ ಅಂತಾರೆ.

ಬೋರೇಗೌಡ: ಡ್ರಾಫ್ಟಾ? ಬ್ಯಾಂಕಲ್ಲಿ ಡಿಡಿ ತೆಗೀತೀವಲ್ಲ, ಅದೇನ್ಲಾ?

ಕಿರಣ: ಅಯ್ಯೋ ಅದಲ್ಲ. ಬ್ಯಾಸ್ಕೆಟ್‌ಬಾಲ್. ಎನ್‌ಬಿಎ ಅಂತ ಇದೆ. ವರ್ಷಾ ವರ್ಷಾ ಜೂನ್ ತಿಂಗಳಲ್ಲಿ ಹೊಸ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸ್ತಾರೆ. ತಂಡಗಳು ಸರದಿ ಮೇಲೆ ಒಬ್ಬೊಬ್ಬರನ್ನ ಆರಿಸ್ಕೊಳ್ಳೋದು. ಹಿಂದಿನ ವರ್ಷ ಯಾರು ಜಾಸ್ತಿ ಸೋತಿರ್ತಾರೋ ಅವರಿಗೆ ಮೊದಲ ಸರದಿ ಸಿಗೋ ಅವಕಾಶ ಜಾಸ್ತಿ.

ಬಸಪ್ಪ: ಸೋತೋರಿಗೆ ಮೊದಲಾ? ನಮ್ಮಲ್ಲಿ ಎಲೆಕ್ಷನ್‌ನಲ್ಲಿ ಸೋತೋನಿಗೆ ಠೇವಣಿನೂ ವಾಪಸ್ ಬರಲ್ಲ.

ಕಿರಣ: ಅದ್ರಲ್ಲೂ ಲಾಟರಿ ಇದೆ. ಹದಿನಾಲ್ಕು ತಂಡಕ್ಕೆ ಚೀಟಿ ಎತ್ತಿದ ಹಾಗೆ. ಈ ವರ್ಷ ಡಲ್ಲಾಸ್ ತಂಡಕ್ಕೆ ಇದ್ದಿದ್ದು ನೂರಕ್ಕೆ 1.8 ಅವಕಾಶ. ಆದ್ರೂ ಮೊದಲ ಸರದಿ ಅವರಿಗೇ ಬಂತು! ಕೂಪರ್ ಫ್ಲ್ಯಾಗ್ ಅನ್ನೋ ಹುಡುಗನ್ನ ಎತ್ಕೊಂಡ್ರು. ಅದೂ ಫೆಬ್ರವರಿಯಲ್ಲಿ ತಮ್ಮ ಚಿನ್ನದಂಥ ಆಟಗಾರ ಲೂಕನ್ನ ಬೇರೆಯವರಿಗೆ ಕೊಟ್ಟು, ಊರ ಜನರ ಹತ್ರ ಉಗಿಸ್ಕೊಂಡ ಮೇಲೆ.

ಮೇಷ್ಟ್ರು: ಉಗಿಸ್ಕೊಂಡವರಿಗೆ ಅದೃಷ್ಟ ಕೂಡಿಬರುತ್ತೆ ಅನ್ನು.

ಪುಟ್ಟಮ್ಮ: ಹಂಗಾದ್ರೆ ನಿಮ್ಗೆಲ್ಲ ಇಷ್ಟೊತ್ಗೆ ಬಂಗ್ಲೆ ಆಗಿರ್ಬೇಕಿತ್ತು. ಟೀ ಆರೋಯ್ತಾ ಅದೆ, ಕುಡೀರಿ.

ಬೋರೇಗೌಡ: ಸರಿ, ಹಂಗೇ ಇಟ್ಕಳಿ. ಡ್ರಾಫ್ಟು. ಮೊದಲ ಸರದಿ ಹುಣಸೂರಿಗೆ. ಯಾಕಂದ್ರೆ ದಸರೆಗೆ ಆನೆಗಳ ಗಜಪಯಣ ಹೊರಡೋದೇ ನಮ್ಮ ವೀರನಹೊಸಹಳ್ಳಿಯಿಂದ. ಆಗಸ್ಟ್ 4ನೇ ತಾರೀಕು ಪೂಜೆ ಮಾಡ್ದಾಗ ನಾನೇ ಹೋಗಿದ್ದೆ. ನಾನು ಎತ್ಕಳದು ಭೀಮನ್ನ.

ಬಸಪ್ಪ: ಭೀಮ ಇರೋದು ಮತ್ತಿಗೋಡು ಕ್ಯಾಂಪಲ್ಲಿ. ಮತ್ತಿಗೋಡಿಗೆ ನಮ್ಮ ಪಂಚವಳ್ಳಿ ದಾಟ್ದೆ ಯಂಗೆ ಹೋದಿಯೆ? ಆನೆಚೌಕೂರು ಗೇಟಲ್ಲಿ ನಿಂತ್ಕಂಡು ಕೇಳ್ನೋಡು. ಭೀಮ ನಮ್ಮೋನು.

ಮೇಷ್ಟ್ರು: ಇಬ್ಬರಿಗೂ ಸೊನ್ನೆ. ಮತ್ತಿಗೋಡು ಇರೋದು ಕೊಡಗು ಜಿಲ್ಲೆಯಲ್ಲಿ.

(ಒಂದು ಗಳಿಗೆ ಬೆಂಚು ಸುಮ್ಮನಾಯಿತು. ಗಡಿ ವಿಷಯದಲ್ಲಿ ಮೇಷ್ಟ್ರುಗಳಿಗೆ ಕರುಣೆ ಇರುವುದಿಲ್ಲ.)

ಬೋರೇಗೌಡ: ಕಾಡಿಗೆ ಯಾವ ಜಿಲ್ಲೆ ಮೇಷ್ಟ್ರೇ? ಆನೆ ಏನು ಪಹಣಿ ನೋಡ್ಕೊಂಡು ಓಡಾಡ್ತದಾ? ಇರ್ಲಿ. ಭೀಮನ್ನ ಯಾಕೆ ಅಂದ್ರೆ, ಧನ್ವಂತರಿ ರಸ್ತೆ ವೇಬ್ರಿಡ್ಜಲ್ಲಿ ಮೊದಲನೇ ತಂಡದ ತೂಕ ಹಾಕಿದ್ರಲ್ಲ, ಭೀಮ 5,465 ಕೆ.ಜಿ.! ಅಭಿಮನ್ಯುನೇ 5,360. ಒಂದ್ ಕ್ವಿಂಟಾಲ್ ಮ್ಯಾಲೆ!

ಬಸಪ್ಪ: ಹೋದ ವರ್ಷ ಅವನು ಐದು ಸಾವಿರನೂ ಮುಟ್ಟಿರಲಿಲ್ಲ. ಒಂದೇ ವರ್ಷಕ್ಕೆ ಐನೂರು ಕೆ.ಜಿ. ಯಂಗೆ ಏರಿದ ಅಂತೀನಿ?

ಪುಟ್ಟಮ್ಮ: ಇಪ್ಪತ್ತೈದು ವರ್ಷದ ಹುಡುಗ ಕನಣ್ಣ, ತಿಂತಾನೆ, ಏರ್ತಾನೆ. ನನ್ನ ಮಗನೂ ಹಂಗೇ ಏರ್ದ, ಕೆಲ್ಸ ಮಾತ್ರ ಸಿಕ್ಲಿಲ್ಲ.

ಕಿರಣ: ಭೀಮನಿಗೆ ಫ್ಯಾನ್ಸ್ ಕೂಡ ಜಾಸ್ತಿ ಮಾವ. ರಸ್ತೆಯಲ್ಲಿ ‘ಭೀಮಾ’ ಅಂತ ಕೂಗಿದ್ರೆ ಸೊಂಡಿಲೆತ್ತುತ್ತಾನೆ. ನನ್ನ ಮೊಬೈಲ್ ತುಂಬ ಅವನೇ.

ಮಾದೇವ: ಅದೇ ಭಯ ನಂಗೆ. ಅಂಬಾರಿ ಹೊತ್ಕಂಡು ಹೋಗ್ತಾ ಇರುವಾಗ ಯಾವನೋ ಪಡ್ಡೆ ‘ಭೀಮಾ’ ಅಂತಾನೆ, ಇವನು ಸೊಂಡ್ಲೆತ್ತಿ ತಿರುಗಿ ನೋಡ್ತಾನೆ. ಮೇಲೆ ಚಾಮುಂಡಿ ತಾಯಿ, 750 ಕೆ.ಜಿ. ಚಿನ್ನದಂಬಾರಿ. ಬಸ್ಸು ಓಡ್ಸೋನು ಯಾರಾದ್ರೂ ಕೂಗಿದ್ರೆ ತಿರುಗಿ ನೋಡಬಾರ್ದು ಕನ್ಲಾ. ಮೂವತ್ತು ವರ್ಷ ನಾನು ನೋಡಲಿಲ್ಲ.

ಬಸಪ್ಪ: ಸ್ಟಾಪಲ್ಲಿ ಕೈ ಅಡ್ಡ ಹಾಕಿದ್ರೂ ನೋಡ್ತಿರಲಿಲ್ಲ ಬುಡು. ನಂಗೊತ್ತು. ನನ್ನ ಸರದಿ ಈಗ. ಮಹೇಂದ್ರ. ಶ್ರೀರಂಗಪಟ್ಟಣದ ದಸರೆಯಲ್ಲಿ ಮರದಂಬಾರಿ ಹೊತ್ತವ್ನೆ. ಅನುಭವ ಅದೆ. ನಲವತ್ತರ ಆಚೀಚೆ ವಯಸ್ಸು, ಗಂಭೀರ. ನಡಿಗೆ ನೋಡಿದ್ರೆ ಶಾನುಭೋಗ್ರು ಲೆಕ್ಕ ಒಪ್ಪಿಸೋಕೆ ಹೊಂಟಂಗೆ ಇರ್ತದೆ.

ಬೋರೇಗೌಡ: ತೂಕ 5,120. ಗ್ರೇಡ್ ಕಮ್ಮಿ ಆಯ್ತು.

ಬಸಪ್ಪ: ಗ್ರೇಡ್ ಮಾತು ನನ್ನ ಮುಂದೆ ಆಡ್ಬೇಡ ಗೌಡ! ನನ್ನ ಬೇಲಿನಲ್ಲಿ ಎಲೆ ಚಿನ್ನದಂಗೆ ಇತ್ತು. ಖರೀದಿದಾರ ಬಂದ, ಹಿಂಗೆ ಎರಡು ಬೆರಳಲ್ಲಿ ಮುಟ್ಟಿದ, ಮುಂದಕ್ಕೆ ಹೋದ. ನೋ ಬಿಡ್ಡು. ಎರಡು ಬೆರಳಲ್ಲಿ ಮುಟ್ಟಿ ನೋಡಿದ್ರೆ ಬ್ಯಾರನ್‌ನಲ್ಲಿ ನಾನು ನಿದ್ದೆಗೆಟ್ಟಿದ್ದು ಗೊತ್ತಾಯ್ತದಾ?

ಕಿರಣ: ದೊಡ್ಡಪ್ಪ, ಸರಿಯಾಗಿ ಹೇಳಿದ್ರಿ! 1984ರಲ್ಲಿ ಅಲ್ಲೂ ಇದೇ ಆಯ್ತು. ಪೋರ್ಟ್‌ಲೆಂಡ್ ತಂಡದ್ದು ಎರಡನೇ ಸರದಿ. ಏಳು ಅಡಿ ಒಂದು ಅಂಗುಲದ ಸ್ಯಾಮ್ ಬೋವಿ ಅನ್ನೋನನ್ನ ಎತ್ಕೊಂಡ್ರು. ಎತ್ತರ ನೋಡಿ. ಮೂರನೇ ಸರದಿಯಲ್ಲಿ ಷಿಕಾಗೋದವರು ಮಿಕ್ಕಿದ್ದ ಒಬ್ಬ ಹುಡುಗನ್ನ ತಗೊಂಡ್ರು. ಅವನ ಹೆಸರು ಮೈಕೆಲ್ ಜೋರ್ಡನ್.

ಮೇಷ್ಟ್ರು: ಜೋರ್ಡನ್ ಗೊತ್ತು. ನನ್ನ ಮೊಮ್ಮಗನ ಶೂ ಮೇಲೆ ಅವನ ಹೆಸರಿದೆ. ಬೋವಿ ಹೆಸರು ಯಾವ ಶೂ ಮೇಲೂ ನೋಡಿಲ್ಲ.

ಕಿರಣ: ನಮ್ಮ ದೇಶದವನೂ ಒಬ್ಬ ಇದ್ದ. ಪಂಜಾಬಿನ ಸತ್ನಾಮ್ ಸಿಂಗ್, ಏಳು ಅಡಿ ಎರಡು ಅಂಗುಲ. 2015ರಲ್ಲಿ ಇದೇ ಡಲ್ಲಾಸ್‌ನವರು 52ನೇ ಸರದಿಯಲ್ಲಿ ಆರಿಸಿದ್ರು. ಎನ್‌ಬಿಎಯಲ್ಲಿ ಒಂದು ಲೀಗ್ ಪಂದ್ಯನೂ ಆಡಲಿಲ್ಲ. ಆಮೇಲೆ ಕುಸ್ತಿಗೆ ಹೋದ.

ಮಾದೇವ: ಕುಸ್ತಿ ಅಂದ್ರೆ ಕಂಜನ್, ಧನಂಜಯ ಇಬ್ರನ್ನೂ ಅಲ್ಲಿಗೇ ಕಳಿಸ್ಬೋದು.

(ಎಲ್ಲರೂ ನಕ್ಕರು. 2024ರ ಸೆಪ್ಟೆಂಬರಿನಲ್ಲಿ ಅರಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಈ ಇಬ್ಬರಿಗೂ ಜಗಳ ಹತ್ತಿ, ಕಂಜನ್ ಗೇಟು ದಾಟಿ ಬೀದಿಗೆ ಓಡಿ, ಧನಂಜಯ ಅಟ್ಟಿಸಿಕೊಂಡು ಹೋದದ್ದನ್ನು ಮೈಸೂರು ಸೀಮೆಯಲ್ಲಿ ನೋಡದ ಮೊಬೈಲ್ ಇಲ್ಲ.)

ಬೋರೇಗೌಡ: ಅವ್ರಿಬ್ರೂ ದುಬಾರೆಯೋರು. ಅವ್ರನ್ನ ಕೊಡಗಿನೋರು ಎತ್ಕಳ್ಳಿ. ಏಕಲವ್ಯ?

ಬಸಪ್ಪ: 5,305. ಚೆನ್ನಾಗವ್ನೆ. ಆದ್ರೆ ದಸರೆಗೆ ಬಂದಿದ್ದು 2024ರಲ್ಲಿ. ಹೊಸಬ. ಇನ್ನಾ ವಸಿ ದಿನ ಸಾಲಲ್ಲಿ ನಡೀಲಿ.

ಮಾದೇವ: ನನ್ನ ಸರದಿ ಬರಲಿ ಬುಡ್ರಪ್ಪ.

ಬೋರೇಗೌಡ: ಯೋಳು. ಎಚ್.ಡಿ. ಕೋಟೆಯಿಂದ ಯಾರು?

(ಮಾದೇವ ಲೋಟ ಕೆಳಗಿಟ್ಟ.)

ಮಾದೇವ: ನಮ್ಮದು ಮುಗೀತು ಕನ. ನೀವು ಈಗ ಡ್ರಾಫ್ಟು ಅಂತೀರಿ. ನಮ್ಮ ಕಾಕನಕೋಟೆ ಖೆಡ್ಡಾ ಅಂದ್ರೆ ಅದೇ ಅಲ್ವಾ? ಆನೆ ಹಿಂಡನ್ನ ಹೊಳೆ ದಾಟ್ಸಿ ಕೂಡಿ ಹಾಕೋರು. ಒಳ್ಳೇವ್ನ ಸರ್ಕಾರ ಇಟ್ಕಂಡು ಮಿಕ್ಕವ್ನ ಹರಾಜು ಹಾಕೋದು. 1971ರಲ್ಲಿ ಕೊನೇದು. ಅರ್ಜುನ ಸಿಕ್ಕಿದ್ದೂ ಅಲ್ಲೇ, 1968ರಲ್ಲಿ. ಬಳ್ಳೆ ಕ್ಯಾಂಪಲ್ಲಿ ಇದ್ದ. ದ್ರೋಣನೂ ಬಳ್ಳೆಯಲ್ಲೇ ಇದ್ದೋನು. ಹದಿನೆಂಟು ಸಲ ಅಂಬಾರಿ ಹೊತ್ತೋನು, 1998ರಲ್ಲಿ ಕರೆಂಟಿನ ತಂತಿ ತಗಲಿ ಹೋದ. ಅರ್ಜುನ 2012ರಿಂದ ಎಂಟು ಸಲ ಹೊತ್ತ. ರಿಟೇರ್ ಆದ್ಮೇಲೂ ನಿಶಾನೆ ಆನೆ ಆಗಿ ಮುಂದೆ ನಡೆದ. ಸುಮ್ನೆ ಕುಂತ್ಕಳ್ಳೋಕೆ ಬುಡ್ಲಿಲ್ಲ. ಕಾಡಾನೆ ಹಿಡಿಯೋಕೆ ಸಕಲೇಶಪುರದ ಕಡೆ ಕರ್ಕಂಡ್ಹೋದ್ರು. 2023ರ ಡಿಸೆಂಬರ್ 4, ಯಸಳೂರು ಕಾಡಲ್ಲಿ ಸಲಗದ ಜೊತೆ ಕಾದಾಡಿ ಸತ್ತ. ನಾನು ರಿಟೇರ್ ಆದ್ಮೇಲೆ ಯಾರೂ ನನ್ನ ಬಸ್ಸು ಓಡ್ಸು ಬಾ ಅಂತ ಕರೀಲಿಲ್ಲ. ಅದೊಂದು ಪುಣ್ಯ.

ಪುಟ್ಟಮ್ಮ: ಈ ಟೀ ಕುಡಿಯಣ್ಣ. ಬಿಸಿದು. ಎಲ್ರಿಗೂ ಇನ್ನೊಂದೊಂದು ಹಾಕ್ತೀನಿ.

ಬಸಪ್ಪ: ಗೋಪಾಲಸ್ವಾಮಿನೂ ಹಂಗೇ ಹೋದ. ಅಭಿಮನ್ಯು ಆದ್ಮೇಲೆ ಇವನೇ ಅಂತ ಎಲ್ರ ಬಾಯಲ್ಲೂ ಇತ್ತು. 2022ರ ನವೆಂಬರಲ್ಲಿ ಇನ್ನೊಂದು ಆನೆ ಜೊತೆ ಜಗಳದಲ್ಲಿ ಸತ್ತ. ನಾವು ಇಲ್ಲಿ ಕುಂತು ಪಟ್ಟಿ ಮಾಡೋದು, ಕಾಡು ಅಲ್ಲಿ ಅಳಿಸೋದು.

ಕಿರಣ: ಮೇಷ್ಟ್ರೇ, ನಿಮ್ಮ ಸರದಿ.

ಮೇಷ್ಟ್ರು: ಕೆ.ಆರ್. ನಗರದಲ್ಲಿ ಆನೆ ಶಿಬಿರ ಎಲ್ಲಿಂದ ಬರಬೇಕು? ನಮ್ಮಲ್ಲಿರೋದು ಗದ್ದೆ, ನಾಲೆ, ಚುಂಚನಕಟ್ಟೆ. ಆದರೆ ಒಂದು ಹೇಳ್ತೀನಿ. ಆನೆ ನಿಮ್ಮದಿರಬಹುದು, ಅಂಬಾರಿ ಮೇಲೆ ಕೂತಿದ್ದ ಮಹಾರಾಜರ ಹೆಸರು ನಮ್ಮೂರಿನದು. ಕೃಷ್ಣರಾಜನಗರ! ಇನ್ನೊಂದು, ಆನೆಗೆ ಕುಸುರೆ ಕಟ್ಟೋ ಭತ್ತದ ಹುಲ್ಲು, ಕುಸುಬಲಕ್ಕಿ, ಇವೆಲ್ಲ ಹೊಗೆಸೊಪ್ಪಿನ ಹೊಲದಲ್ಲಿ ಬೆಳೆಯುತ್ತಾ? ಭೀಮ 5,465 ಕೆ.ಜಿ. ಅಂದ್ರಲ್ಲ, ಅದರಲ್ಲಿ ನಮ್ಮ ಸೀಮೆಯ ಅನ್ನ ಎಷ್ಟಿದೆ ಲೆಕ್ಕ ಹಾಕಿ.

ಬೋರೇಗೌಡ: ಐನೂರು ಕೆ.ಜಿ. ಎಲ್ಲಿಂದ ಬಂತು ಅಂತ ಈಗ ತಿಳೀತು ಬಸಪ್ಪ!

ಮೇಷ್ಟ್ರು: ತಮಾಷೆ ಬಿಡಿ. ನೀವೆಲ್ಲ ತೂಕ ತೂಕ ಅಂತೀರಿ. ಅಭಿಮನ್ಯು ಅಂಬಾರಿ ಹೊರೋಕೆ ಮೊದಲು ಎಷ್ಟು ವರ್ಷ ಪೊಲೀಸ್ ಬ್ಯಾಂಡಿನ ಗಾಡಿ ಎಳೆದ! ಬೆನ್ನ ಹಿಂದೆಯೇ ಡೊಳ್ಳು, ಕಹಳೆ, ಜನರ ಗದ್ದಲ. ಆಗ ಯಾರಾದರೂ ಅವನ ಹೆಸರು ಕೂಗಿದ್ರಾ? ಅಷ್ಟು ಕೇಳಿಸ್ಕೊಂಡ ಕಿವಿಗೆ ಕುಶಾಲತೋಪು ಯಾವ ಲೆಕ್ಕ? ವಸ್ತುಪ್ರದರ್ಶನದ ಮೈದಾನದಲ್ಲಿ ತೋಪು ಸಿಡಿಸೋ ತಾಲೀಮು ನಡೆಯುತ್ತಲ್ಲ, ಅಲ್ಲಿ ಹೋಗಿ ನಿಲ್ಲಿ. ಯಾವನು ಬೆಚ್ಚದೆ ಕಬ್ಬು ಅಗೀತಾ ಇರ್ತಾನೋ ನನ್ನ ಸರದಿ ಅವನಿಗೆ. ಹೆಸರು ಈಗ ಹೇಳಲ್ಲ.

ಬಸಪ್ಪ: ಮೇಷ್ಟ್ರು ಜಾಣರು. ಪರೀಕ್ಷೆ ಆದ್ಮೇಲೆ ಉತ್ತರ ಬರೀತಾರೆ.

ಬೋರೇಗೌಡ: ಅಭಿಮನ್ಯು ಆರು ಸಲ ಹೊತ್ತ ಅಂತೀವಿ. 2020, 2021 ಎರಡು ವರ್ಷ ಕೊರೊನಾ, ಅರಮನೆ ಅಂಗಳ ಬುಟ್ಟು ಆಚೆಗೆ ಬರಲಿಲ್ಲ. ಬನ್ನಿಮಂಟಪದವರೆಗೆ ಐದು ಕಿಲೋಮೀಟರ್ ನಡೆದಿದ್ದು ನಾಲ್ಕೇ ಸಲ.

ಮಾದೇವ: ಐದು ಕಿಲೋಮೀಟರ್ ಅಂತೀಯ. ನೀನು ಬೆನ್ನ ಮೇಲೆ ಒಂದು ಬೇಲು ಹೊತ್ಕಂಡು ಚಿಲ್ಕುಂದದ ಗೇಟಿಂದ ಹರಾಜು ಪ್ಲಾಟ್‌ಫಾರಂವರ್ಗೂ ನಡಿ, ಆಮೇಲೆ ಮಾತಾಡು.

ಪುಟ್ಟಮ್ಮ: ನಂಗೂ ಒಂದ್ ಸರದಿ ಅದಾ?

ಬೋರೇಗೌಡ: ಯೋಳವ್ವ.

ಪುಟ್ಟಮ್ಮ: ಆಗ್ಲಿಂದ ಭೀಮ, ಮಹೇಂದ್ರ, ಅರ್ಜುನ. ಗಂಡಾನೆ ಹೆಸ್ರೇ ಎಲ್ಲ. ಅಂಬಾರಿ ಆನೆ ಎಡಕ್ಕೊಬ್ಬಳು ಬಲಕ್ಕೊಬ್ಬಳು ಹೆಣ್ಣಾನೆ ಯಾಕೆ ನಡೀತಾಳೆ? ಕುಮ್ಕಿ ಅಂತೀರಲ್ಲ. ಅವ್ರಿಬ್ರೂ ಪಕ್ಕದಲ್ಲಿಲ್ದಿದ್ರೆ ನಿಮ್ಮ ಐದು ಸಾವಿರ ಕೆ.ಜಿ. ಗಂಡ್ಸು ನೆಟ್ಟಗೆ ನಡೆಯಾಕಿಲ್ಲ. ನಾನು ಎತ್ಕಳದು ಲಕ್ಷ್ಮಿ, ಕಾವೇರಿ ಇಬ್ರನ್ನೂ. ನೀವು ಮಧ್ಯದಲ್ಲಿ ಯಾರನ್ನ ಬೇಕಾರೂ ನಿಲ್ಸ್ಕಳಿ.

(ಬೆಂಚಿನಲ್ಲಿ ಯಾರೂ ಮಾತಾಡಲಿಲ್ಲ. ನಾಲ್ವರ ಮನೆಯಲ್ಲೂ ಕುಮ್ಕಿಯರಿದ್ದಾರೆ.)

ಬೋರೇಗೌಡ: ಅರಣ್ಯ ಇಲಾಖೆಯೋರು, ಆನೆ ಡಾಕ್ಟ್ರು ಸೇರಿ ಆರಿಸೋದು. ನಮ್ಮನ್ನ ಯಾರು ಕೇಳ್ತಾರೆ? ಪುಟ್ಟಮ್ಮ, ಆ ವಡೆ ಕೊಡು ನಂಗೆ.

ಬಸಪ್ಪ: ಆಗ್ಲೇ ಕಣ್ಣಾಕಿದ್ದೆ ನಾನು.

ಮಾದೇವ: ಪೆಟ್ಟಿಗೆ ಪಕ್ಕ ಕುಂತೋನು ನಾನು.

ಕಿರಣ: ಇರಿ ಇರಿ. ಡ್ರಾಫ್ಟ್ ನಿಯಮ. ಯಾರ ಹತ್ರ ಏನೂ ಇಲ್ವೋ ಅವರಿಗೆ ಮೊದಲ ಸರದಿ. ಆನೆ ಇಲ್ಲದ ತಾಲೂಕು ಯಾವುದು?

ಮೇಷ್ಟ್ರು: ನ್ಯಾಯವಾದ ಪದ್ಧತಿ. ಅಮೆರಿಕದವರು ತಿಳಿದವರು.

(ಮೇಷ್ಟ್ರು ವಡೆಯನ್ನು ಎರಡು ಬೆರಳಿನಲ್ಲಿ ಮುಟ್ಟಿ ನೋಡಿದರು. ಬಸಪ್ಪ ಮುಖ ತಿರುಗಿಸಿದ.)

ಮೇಷ್ಟ್ರು: ಸ್ವಲ್ಪ ಗಟ್ಟಿಯಿದೆ.

ಪುಟ್ಟಮ್ಮ: ಎತ್ಕಂಡ್ಮೇಲೆ ವಾಪಸ್ ಇಲ್ಲ ಮೇಷ್ಟ್ರೇ. ಹತ್ತು ಟೀ, ಒಂದು ವಡೆ. 110 ರೂಪಾಯಿ. ದುಡ್ಡು ಕೊಡೋದ್ರಲ್ಲೂ ಮೊದಲ ಸರದಿ ನಿಮ್ಮದೇ ಅಲ್ವಾ?

ಮೇಷ್ಟ್ರು ನೂರು ಕೊಟ್ಟು ಹತ್ತು ಬಾಕಿ ಬರೆಸಿದರು.